ಮತ್ತೆ ಮತ್ತೆ ಕಣ್ಣು ತೆರೆದ ಬುದ್ಧ

ನಮ್ಮ ಕಡೆ ಗುಡಿಯಲ್ಲಿ ಹೊಸ ಮೂರ್ತಿ ಕೂರಿಸುವಾಗ ಶಿಲ್ಪಿ ಎಲ್ಲವನ್ನೂ ಕೆತ್ತಿ ಮುಗಿಸಿ ಕಣ್ಣನ್ನು ಮಾತ್ರ ಬಿಟ್ಟಿರುತ್ತಾನೆ. ಮುಹೂರ್ತ ಬಂದಾಗ ಚಿನ್ನದ ಕಡ್ಡಿಯಲ್ಲೋ ಸಣ್ಣ ಉಳಿಯಲ್ಲೋ ಕಣ್ಣಿನ ಗೆರೆ ಎಳೆಯುತ್ತಾರೆ. ಇದಕ್ಕೆ ನೇತ್ರೋನ್ಮೀಲನ ಅಂತ ಹೆಸರು. ಅಲ್ಲಿಯ ತನಕ ಅದು ಕಲ್ಲು, ಆಮೇಲೆ ದೇವರು. ಚಿಕ್ಕಂದಿನಲ್ಲಿ ನಮ್ಮೂರಿನ ಗುಡಿಯಲ್ಲಿ ಇಂಥದ್ದೊಂದು ನಡೆದಾಗ ಪರದೆಯ ಈಚೆ ಹಿರಿಯರ ಕಾಲುಗಳ ಸಂದಿಯಲ್ಲಿ ತೂರಿ ನಿಂತಿದ್ದೆ. ಕಂಡದ್ದು ಪರದೆ ಮಾತ್ರ.

ಜಪಾನಿನಲ್ಲೂ ಈ ಶಾಸ್ತ್ರ ಉಂಟು. ಅವರ ಮಾತಿನಲ್ಲಿ ಇದು ಕೈಗೆನ್, ಕಣ್ಣು ತೆರೆಸುವುದು ಅಂತಲೇ ಅರ್ಥ. ಅಲ್ಲಿನ ನಾರಾ ಪಟ್ಟಣದ ತೋದಾಯ್‌ಜಿ ದೇಗುಲದಲ್ಲಿ ಕ್ರಿ.ಶ. 752ರ ನಾಲ್ಕನೆಯ ಚಾಂದ್ರಮಾಸದ 9ನೇ ದಿನ ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧನಿಗೆ ಕಣ್ಣು ಬರೆದರು. ಬರೆದಾತ ಜಪಾನಿನವನಲ್ಲ, ಚೀನಾದವನೂ ಅಲ್ಲ. ದಕ್ಷಿಣ ಭಾರತದಿಂದ ಹೋದ ಭಿಕ್ಷು ಬೋಧಿಸೇನ. ಈ ಸಂಗತಿಯನ್ನು ಓದಿದ ದಿನದಿಂದ ಆ ದೇಗುಲವನ್ನು ನೋಡಬೇಕೆಂಬ ಆಸೆ ಹತ್ತಿತ್ತು. ಮಗಳು ಒಸಾಕಾದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅದು ಕೈಗೂಡಿತು.

ಒಸಾಕಾದ ನಾಂಬಾ ನಿಲ್ದಾಣದಿಂದ ನಾರಾಕ್ಕೆ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ನವೆಂಬರ್ ತಿಂಗಳು, ಮರಗಳೆಲ್ಲ ಅರಿಸಿನ ಕುಂಕುಮದ ಬಣ್ಣಕ್ಕೆ ತಿರುಗಿದ್ದವು. ಹೊರಡುವಾಗಲೇ ಮಗಳಿಗೆ ಹೇಳಿಬಿಟ್ಟಿದ್ದೆ, "ನೋಡಮ್ಮ, ಒಂದೇ ದಿನಕ್ಕೆ ಹತ್ತು ದೇವಸ್ಥಾನ ಓಡಿಸಬೇಡ. ಒಂದೇ ಸಾಕು, ಸಾವಕಾಶವಾಗಿ ನೋಡೋಣ." "ಆಯ್ತಪ್ಪಾ, ನೀವು ಹೇಳಿದ ಹಾಗೇ," ಅಂದಳು.

ನಿಲ್ದಾಣದಿಂದ ದೇಗುಲಕ್ಕೆ ಇಪ್ಪತ್ತು ನಿಮಿಷದ ನಡಿಗೆ. ಆದರೆ ನಮಗೆ ಒಂದು ಗಂಟೆ ಹಿಡಿಯಿತು, ಕಾರಣ ಜಿಂಕೆಗಳು. ನಾರಾದ ಉದ್ಯಾನದಲ್ಲಿ ಸಾವಿರಕ್ಕೂ ಹೆಚ್ಚು ಜಿಂಕೆಗಳು ಬೇಲಿಯಿಲ್ಲದೆ ತಿರುಗಾಡುತ್ತವೆ. ಪಕ್ಕದ ಕಾಸುಗಾ ಗುಡಿಯ ದೇವರು ಬಿಳಿ ಜಿಂಕೆಯ ಮೇಲೆ ಬಂದನೆಂಬ ನಂಬಿಕೆಯಿಂದ ಅವು ದೇವರ ದೂತರು. ತೌಡಿನಿಂದ ಮಾಡಿದ ಬಿಲ್ಲೆಗಳನ್ನು ದಾರಿಯಲ್ಲಿ ಮಾರುತ್ತಾರೆ. ಕೈಯಲ್ಲಿ ಬಿಲ್ಲೆ ಕಂಡರೆ ಜಿಂಕೆ ತಲೆ ಬಾಗಿಸುತ್ತದೆ. ಎಷ್ಟು ವಿನಯ ಎಂದುಕೊಂಡು ನಾನೂ ತಿರುಗಿ ಬಾಗಿದೆ. ಅಷ್ಟರಲ್ಲಿ ಹಿಂದಿನಿಂದ ಬಂದ ಇನ್ನೊಂದು ದೂತ ಜುಬ್ಬಾದ ಜೇಬಿನಲ್ಲಿದ್ದ ದೇಗುಲದ ನಕ್ಷೆಯನ್ನು ಎಳೆದು ಅರ್ಧ ತಿಂದು ಮುಗಿಸಿತ್ತು. ಮುಂದಿನದೆಲ್ಲ ನಕ್ಷೆಯಿಲ್ಲದ ತಿರುಗಾಟ. ಒಳ್ಳೆಯದೇ ಆಯಿತು.

ಮೊದಲು ಸಿಗುವುದು ದಕ್ಷಿಣದ ಹೆಬ್ಬಾಗಿಲು. 25 ಮೀಟರ್ ಎತ್ತರ, ಬಣ್ಣ ಮಾಸಿದ ಮರ, ನೆಲದಿಂದ ಸೂರಿನ ತನಕ ಒಂದೇ ಓಟದಲ್ಲಿ ಹೋದ ಹದಿನೆಂಟು ಕಂಬಗಳು. ಒಳಮಾಳಿಗೆ ಇಲ್ಲ, ತಲೆ ಎತ್ತಿದರೆ ತೊಲೆಯ ಮೇಲೆ ತೊಲೆ, ಕಂಬವನ್ನು ಕೊರೆದು ಆಚೆಗೆ ಹಾಯ್ದ ಅಡ್ಡಮರ, ಎಲ್ಲ ಬೆತ್ತಲೆ. ಎರಡು ಬದಿಗೂ ಎಂಟು ಮೀಟರಿಗೂ ಮಿಕ್ಕಿದ ಇಬ್ಬರು ದ್ವಾರಪಾಲಕರು ಎದುರುಬದುರಾಗಿ ನಿಂತಿದ್ದಾರೆ. ಒಬ್ಬನ ಬಾಯಿ ತೆರೆದಿದೆ, ಇನ್ನೊಬ್ಬನದು ಮುಚ್ಚಿದೆ. ತೆರೆದ ಬಾಯಿಯವನು 'ಅ' ಅನ್ನುತ್ತಿದ್ದಾನೆ, ಮುಚ್ಚಿದ ಬಾಯಿಯವನು 'ಹೂಂ'. ಸಂಸ್ಕೃತದ ವರ್ಣಮಾಲೆಯ ಮೊದಲ ಅಕ್ಷರ ಅಕಾರ, ಕೊನೆಯದು ಹಕಾರ. ಲೋಕದ ಸಮಸ್ತವೂ ಈ ಎರಡರ ನಡುವೆ ಎಂಬ ಅರ್ಥ. ಉಸಿರು ಕೂಡಿದ ಗೆಳೆಯರನ್ನು ಜಪಾನೀಯರು ಈಗಲೂ 'ಅ-ಉನ್ ಉಸಿರಿನವರು' ಎನ್ನುತ್ತಾರಂತೆ. ಬಾಗಿಲಲ್ಲೇ ನಮ್ಮ ಅಕ್ಷರಮಾಲೆ ಸಿಕ್ಕಿತಲ್ಲ ಎಂದು ನನಗೆ ಖುಷಿ.

ಮಗಳು ನಕ್ಕು, "ಅಪ್ಪಾ, ಇವರ ಮಗ್ಗಿಪುಸ್ತಕವೂ ನಮ್ಮದರ ಹಾಗೇ ಇದೆ, ಕೇಳಿ," ಎಂದು ತಾನು ಕಲಿತದ್ದನ್ನು ಒಪ್ಪಿಸಿದಳು: ಅ ಇ ಉ ಎ ಒ. ಆಮೇಲೆ ಕ ಸ ತ ನ ಹ ಮ ಯ ರ ವ. ಹಿಂದಿನ ಕಾಲದಲ್ಲಿ ಅವರ 'ಸ' ಚಕಾರಕ್ಕೆ ಹತ್ತಿರ, 'ಹ' ಪಕಾರವಾಗಿತ್ತು. ಹಾಗೆ ಓದಿಕೊಂಡರೆ ಕ ಚ ತ ನ ಪ ಮ ಯ ರ ವ ಆಯಿತು. ನಮ್ಮ ಒಂದನೇ ಕ್ಲಾಸಿನ ಸಾಲು! ಜಪಾನಿನ ಭಿಕ್ಷುಗಳು ಮಂತ್ರಗಳಿಗಾಗಿ ಸಂಸ್ಕೃತದ ಅಕ್ಷರಗಳನ್ನು ಕಲಿತದ್ದರಿಂದ ಅವರ ಅಕ್ಷರಗಳು ಈ ಸಾಲಿಗೆ ಬಂದು ಕೂತವು. ಚೀನಾದ ಲಿಪಿ ಬರೆಯುವ ನಾಡಿನ ನಿಘಂಟಿನಲ್ಲಿ ಪದಗಳು ಕೂತಿರುವುದು ಭಾರತದ ಕ್ರಮದಲ್ಲಿ.

ಈಗ ಕಥೆಗೆ ಬರೋಣ. ಇಷ್ಟು ದೊಡ್ಡದೊಂದನ್ನು ಕಟ್ಟಿದವರು ಗೆದ್ದ ಅಮಲಿನಲ್ಲಿ ಕಟ್ಟಿರಬೇಕು ಎಂದು ನಾವು ಸಹಜವಾಗಿ ಊಹಿಸುತ್ತೇವೆ. ಇಲ್ಲಿ ಹಾಗಲ್ಲ. ಚಕ್ರವರ್ತಿ ಶೋಮುವಿನ ಗಂಡುಕೂಸು ವರ್ಷ ತುಂಬುವ ಮೊದಲೇ 728ರಲ್ಲಿ ತೀರಿಕೊಂಡಿತು. ಆ ಮಗುವಿನ ಹೆಸರಿನಲ್ಲಿ ನಾರಾದ ಪೂರ್ವದ ಬೆಟ್ಟದಲ್ಲಿ ಒಂದು ಸಣ್ಣ ಗುಡಿ ಎದ್ದಿತು. ತೋದಾಯ್‌ಜಿಯ ಮೂಲ ಅದು. 735ರಿಂದ 737ರ ತನಕ ಸಿಡುಬು ದೇಶವನ್ನು ಗುಡಿಸಿಹಾಕಿತು. ಆಡಳಿತ ನಡೆಸುತ್ತಿದ್ದ ಫುಜಿವಾರಾ ಮನೆತನದ ನಾಲ್ವರು ಅಣ್ಣತಮ್ಮಂದಿರೂ 737ರ ಒಂದೇ ವರ್ಷದಲ್ಲಿ ಸತ್ತರು. 740ರಲ್ಲಿ ಕ್ಯೂಶೂ ದ್ವೀಪದಲ್ಲಿ ದಂಗೆ. ಶೋಮು ಮನಸ್ಸು ನಿಲ್ಲದೆ ಐದು ವರ್ಷ ರಾಜಧಾನಿಯನ್ನು ಊರಿಂದೂರಿಗೆ ಹೊತ್ತುಕೊಂಡು ತಿರುಗಿದ. 741ರಲ್ಲಿ ಪ್ರಾಂತ್ಯಕ್ಕೊಂದು ಭಿಕ್ಷು ವಿಹಾರ, ಒಂದು ಭಿಕ್ಷುಣಿ ವಿಹಾರ ಕಟ್ಟಬೇಕೆಂದು ಆಜ್ಞೆ ಹೊರಡಿಸಿದ. 743ರಲ್ಲಿ ವೈರೋಚನ ಬುದ್ಧನ ದೊಡ್ಡ ಮೂರ್ತಿಯ ಸಂಕಲ್ಪ ಮಾಡಿದ.

ವೈರೋಚನ ಎಂದರೆ ಲುಂಬಿನಿಯಲ್ಲಿ ಹುಟ್ಟಿದ ಗೌತಮನಲ್ಲ. ಅವತಂಸಕ ಸೂತ್ರ ಹೇಳುವ, ಸೂರ್ಯನ ಹಾಗೆ ಎಲ್ಲ ಲೋಕಗಳನ್ನೂ ಬೆಳಗುವ ಬುದ್ಧ. ಒಂದೊಂದು ಧೂಳಿನ ಕಣದಲ್ಲೂ ಎಲ್ಲ ಲೋಕಗಳು ಅಡಗಿವೆ ಎನ್ನುವುದು ಆ ಸೂತ್ರದ ನೋಟ. ಶೋಮುವಿನ ಸಂಕಲ್ಪಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಇನ್ನೊಂದು. ನಾಡಿನ ಸಿರಿಯೂ ಅಧಿಕಾರವೂ ತನ್ನ ಕೈಯಲ್ಲಿವೆ, ಅದರ ಬಲದಿಂದ ಮೂರ್ತಿ ಮಾಡುವುದು ಸುಲಭ, ಆದರೆ ಹಾಗೆ ಮಾಡಿದರೆ ಮನಸ್ಸು ಸೇರುವುದಿಲ್ಲ ಎನ್ನುತ್ತಾನೆ. ಯಾರಾದರೂ ಒಂದು ಹುಲ್ಲುಕಡ್ಡಿ, ಒಂದು ಹಿಡಿ ಮಣ್ಣು ತಂದರೂ ಬೇಡವೆನ್ನಬಾರದು; ಇದರ ಹೆಸರಿನಲ್ಲಿ ಅಧಿಕಾರಿಗಳು ಜನರನ್ನು ಸುಲಿಯಬಾರದು ಎಂದೂ ಸೇರಿಸುತ್ತಾನೆ.

ಬರೆದದ್ದು ಚೆನ್ನ. ನಡೆದದ್ದು ಅಷ್ಟು ಚೆನ್ನಾಗಿರಲಿಲ್ಲ. ದೇಗುಲದ ಹಳೆಯ ದಾಖಲೆಯ ಪ್ರಕಾರ ಮೂರ್ತಿಗೂ ಮಂಟಪಕ್ಕೂ ದುಡಿದ ಆಳುಗಳ ಲೆಕ್ಕ ಸುಮಾರು 26 ಲಕ್ಷ. 757ರಲ್ಲಿ ಬಂಡೆದ್ದು ಸಿಕ್ಕಿಬಿದ್ದ ಒಬ್ಬ ಶ್ರೀಮಂತ, ಯಾಕೆ ಹೀಗೆ ಮಾಡಿದೆ ಎಂದು ಕೇಳಿದ್ದಕ್ಕೆ, ತೋದಾಯ್‌ಜಿ ಕಟ್ಟಿ ಜನ ನರಳಿದರು ಎಂದು ಉತ್ತರ ಕೊಟ್ಟ. ರಾಜವಂಶದ ಅಧಿಕೃತ ಚರಿತ್ರೆಯೇ ಅದನ್ನು ದಾಖಲಿಸಿದೆ, ಮುಚ್ಚಿಟ್ಟಿಲ್ಲ.

ಜನರನ್ನು ಒಲಿಸಲು ಶೋಮು ಹಿಡಿದದ್ದು ಗ್ಯೋಕಿ ಎಂಬ ಭಿಕ್ಷುವನ್ನು. ಈತ ಊರೂರಲ್ಲಿ ಕೆರೆ ತೋಡಿಸಿ, ಸೇತುವೆ ಹಾಕಿಸಿ, ಬೀದಿಯಲ್ಲಿ ಧರ್ಮ ಹೇಳುತ್ತಿದ್ದವನು. ಭಿಕ್ಷುಗಳು ವಿಹಾರ ಬಿಟ್ಟು ಜನರ ನಡುವೆ ಹೋಗಬಾರದು ಎಂಬ ಕಾನೂನಿದ್ದ ಕಾಲ. 717ರಲ್ಲಿ ಇದೇ ಸರ್ಕಾರ ಅವನನ್ನು ಹೆಸರು ಹಿಡಿದು ಬೈದಿತ್ತು. ಈಗ ಅದೇ ಸರ್ಕಾರ ಅವನನ್ನು ಚಂದಾ ಎತ್ತಲು ಕಳಿಸಿತು, 745ರಲ್ಲಿ ಸಂಘದ ಅತಿ ದೊಡ್ಡ ಪದವಿಯನ್ನೂ ಕೊಟ್ಟಿತು. ಆಗ ಅವನ ವಯಸ್ಸು ಎಪ್ಪತ್ತು ದಾಟಿತ್ತು.

ಎರಕದ ಕೆಲಸ 747ರಲ್ಲಿ ಶುರುವಾಗಿ 749ರ ತನಕ ನಡೆಯಿತು. ಮೊದಲು ಮಣ್ಣಿನ ಬುದ್ಧ, ಅದರ ಮೇಲೆ ಹೊರ ಅಚ್ಚು, ನಡುವಿನ ಸಂದಿಗೆ ಕರಗಿದ ತಾಮ್ರ. ಇಷ್ಟು ದೊಡ್ಡದನ್ನು ಒಂದೇ ಸಲ ಹೊಯ್ಯಲಾಗದು. ಪಾದದ ಕಡೆಯಿಂದ ಮೇಲಕ್ಕೆ ಎಂಟು ಸುತ್ತಿನಲ್ಲಿ ಹೊಯ್ದರು. ಒಂದು ಸುತ್ತು ಮುಗಿದಂತೆ ಸುತ್ತಲೂ ಮಣ್ಣು ಪೇರಿಸಿ, ಆ ದಿಬ್ಬದ ಮೇಲೆ ಕುಲುಮೆಗಳನ್ನು ಹೂಡಿ ಮುಂದಿನ ಸುತ್ತು. ಕೊನೆಗೆ ಬುದ್ಧ ಪೂರ್ತಿ ಒಂದು ಗುಡ್ಡದೊಳಗೆ ಹೂತುಹೋಗಿದ್ದ. ಮಣ್ಣು ಬಗೆದು ಅವನನ್ನು ಹೊರಗೆ ತೆಗೆದರು. ಒಟ್ಟು ತಾಮ್ರ ಸುಮಾರು 500 ಟನ್. ಬಹುಪಾಲು ಈಗಿನ ಯಾಮಾಗುಚಿಯ ನಾಗನೋಬೊರಿ ಗಣಿಯದು. ಚಿನ್ನದ ಮುಲಾಮಿಗೆ ಚಿನ್ನ ಎಲ್ಲಿಂದ ಎಂಬ ಚಿಂತೆಯಲ್ಲಿದ್ದಾಗ 749ರಲ್ಲಿ ಉತ್ತರದ ಮುತ್ಸು ಪ್ರಾಂತ್ಯದಲ್ಲಿ ಚಿನ್ನ ಸಿಕ್ಕಿತು. ಚಕ್ರವರ್ತಿ ಹಿಗ್ಗಿ ಶಕೆಯ ಹೆಸರನ್ನೇ ಬದಲಿಸಿದ. ಗ್ಯೋಕಿ ಆ ವರ್ಷದ ಆರಂಭದಲ್ಲೇ ತೀರಿಕೊಂಡಿದ್ದ. ಪಾದರಸದಲ್ಲಿ ಚಿನ್ನ ಕರಗಿಸಿ ಬಳಿದು ಇದ್ದಿಲಿನಿಂದ ಕಾಯಿಸಿದರೆ ಪಾದರಸ ಹೊಗೆಯಾಗಿ ಹಾರಿ ಚಿನ್ನ ಉಳಿಯುತ್ತದೆ. ಆ ಹೊಗೆ ಕುಡಿದವರ ಗತಿ ಏನಾಗಿರಬಹುದು ಎಂದು ಊಹಿಸಲು ವೈದ್ಯರೇ ಬೇಕಿಲ್ಲ.

ಮುಲಾಮು ಇನ್ನೂ ಮುಗಿದಿರಲಿಲ್ಲ. ಆದರೂ 752ರಲ್ಲಿ ಕಣ್ಣು ತೆರೆಸುವ ಅವಸರ. ಜಪಾನಿಗೆ ಬೌದ್ಧಧರ್ಮ ಬಂದದ್ದು 552ರಲ್ಲಿ ಎಂಬುದು ಅವರ ಹಳೆಯ ಚರಿತ್ರೆಯ ಲೆಕ್ಕ. ಸರಿಯಾಗಿ ಇನ್ನೂರು ವರ್ಷ. ಶೋಮು ಪಟ್ಟವನ್ನು ಮಗಳಿಗೆ ಬಿಟ್ಟುಕೊಟ್ಟಿದ್ದ, ಮೈಯಲ್ಲಿ ಆರೋಗ್ಯ ಇರಲಿಲ್ಲ. ಅವನ ಬದಲಿಗೆ ಕುಂಚ ಹಿಡಿದವನು ಬೋಧಿಸೇನ.

ಈ ಬೋಧಿಸೇನನ ಬಗ್ಗೆ ಅವನ ಜಪಾನಿ ಶಿಷ್ಯ 770ರಲ್ಲಿ ಬರೆದ ಬರಹ ಉಳಿದಿದೆ. ದಕ್ಷಿಣ ಭಾರತದ ಬ್ರಾಹ್ಮಣ, ಭಾರದ್ವಾಜ ಗೋತ್ರ. ಮಂಜುಶ್ರೀ ಬೋಧಿಸತ್ವನ ದರ್ಶನಕ್ಕೆಂದು ಚೀನಾದ ವೂತಾಯ್ ಪರ್ವತದ ಕಡೆ ಹೊರಟ. ಅಲ್ಲಿಂದ ಜಪಾನಿನ ರಾಯಭಾರಿಗಳು ಒತ್ತಾಯ ಮಾಡಿ ಹಡಗು ಹತ್ತಿಸಿದರು. ಜೊತೆಗೆ ಚಂಪಾದ, ಅಂದರೆ ಈಗಿನ ವಿಯೆಟ್ನಾಮಿನ, ಬುತ್ತೆತ್ಸು ಎಂಬ ಭಿಕ್ಷುವೂ ಚೀನಾದ ದೋಸೆನ್ ಎಂಬ ಭಿಕ್ಷುವೂ ಇದ್ದರು. ಮೂವರೂ 736ರಲ್ಲಿ ಜಪಾನ್ ಮುಟ್ಟಿದರು. ಬಂದರಿನಲ್ಲಿ ಅವರನ್ನು ಎದುರುಗೊಂಡವನು ಗ್ಯೋಕಿ ಎಂದು ಪ್ರತೀತಿ. ಬೋಧಿಸೇನನಿಗೆ ಆಗ ಮೂವತ್ತೆರಡು ಮೂವತ್ತಮೂರರ ಪ್ರಾಯ. ಜಪಾನೀಯರ ಬಾಯಲ್ಲಿ ಅವನು 'ಬರಮೋನ್ ಸೋಜೋ', ಬ್ರಾಹ್ಮಣ ಮಹಾಭಿಕ್ಷು. ದಕ್ಷಿಣ ಭಾರತ ಎಂದೊಡನೆ, ನಮ್ಮ ಕೃಷ್ಣೆ ಕಾವೇರಿಯ ದಡದವನೇ ಯಾಕಾಗಿರಬಾರದು ಎಂದು ನನ್ನೊಳಗಿನ ಅಭಿಮಾನಿ ಎದ್ದು ಕೂತ. ಸುಮ್ಮನೆ ಕೂರಪ್ಪ ಎಂದು ಅವನನ್ನು ಗದರಿದ್ದೇನೆ.

ಆ ದಿನದ ನೋಟವನ್ನು ಕಣ್ಣ ಮುಂದೆ ತಂದುಕೊಳ್ಳಿ. ಹತ್ತು ಸಾವಿರ ಭಿಕ್ಷುಗಳು. ಜಪಾನ್, ಚೀನಾ, ಕೊರಿಯಾಗಳ ನಾಟ್ಯ, ಜೊತೆಗೆ ಬೋಧಿಸೇನ ಮತ್ತು ಬುತ್ತೆತ್ಸು ಕಲಿಸಿದ ಚಂಪಾದ ಸಂಗೀತ. ಆ ಸಂಗೀತದ 'ಕಾರ್ಯೋಬಿನ್' ಎಂಬ ನೃತ್ಯ ಈಗಲೂ ಬಳಕೆಯಲ್ಲಿದೆ. ರೆಕ್ಕೆ ಕಟ್ಟಿಕೊಂಡ ಮಕ್ಕಳು ಕೈಯಲ್ಲಿ ಸಣ್ಣ ತಾಳ ಹಿಡಿದು ಕುಣಿಯುತ್ತಾರೆ. ಹೆಸರಿನೊಳಗೆ ಇಣುಕಿದರೆ ಕಾಣುವುದು ನಮ್ಮ ಕಲವಿಂಕ ಪಕ್ಷಿ. ಇಷ್ಟೆಲ್ಲದರ ನಡುವೆ ಬೋಧಿಸೇನ ಅಟ್ಟಣಿಗೆ ಏರಿ ದೊಡ್ಡ ಕುಂಚದಿಂದ ಕಣ್ಣಿಗೆ ಕಪ್ಪು ಇಟ್ಟ. ಆ ಕುಂಚದ ಹಿಡಿಗೆ ತಿಳಿನೀಲಿ ರೇಷ್ಮೆಯ ಹುರಿ ಕಟ್ಟಿದ್ದರು. ನೂರು ಮೀಟರಿಗೂ ಮಿಕ್ಕಿ ಉದ್ದ. ಕೆಳಗೆ ನಿಂತ ರಾಜ, ರಾಣಿ, ಅಧಿಕಾರಿಗಳು, ಭಿಕ್ಷುಗಳು ಆ ಹುರಿಯನ್ನು ಹಿಡಿದಿದ್ದರು. ಮೇಲೆ ಕುಂಚ ಆಡಿದರೆ ಕೆಳಗೆ ಕೈಯಲ್ಲಿ ಹುರಿ ಆಡುತ್ತದೆ. ಕಣ್ಣು ಬರೆದವನು ಒಬ್ಬನಲ್ಲ, ಹಿಡಿದವರೆಲ್ಲ. ಪರದೆಯ ಈಚೆ ನಿಂತ ನಮ್ಮೂರಿನ ಹುಡುಗನಿಗೂ ಹೀಗೊಂದು ದಾರದ ತುದಿ ಸಿಕ್ಕಿದ್ದರೆ ಎಂದು ಈಗ ಅನಿಸುತ್ತದೆ.

ಶೋಮು 756ರಲ್ಲಿ ತೀರಿಕೊಂಡ. ನಲವತ್ತೊಂಬತ್ತನೆಯ ದಿನ ರಾಣಿ ಕೋಮ್ಯೋ ಗಂಡನ ಬಳಕೆಯ ವಸ್ತುಗಳನ್ನು ಪಟ್ಟಿ ಮಾಡಿ ಬುದ್ಧನಿಗೆ ಅರ್ಪಿಸಿದಳು. ಕಣ್ಣೆದುರು ಇದ್ದರೆ ದುಃಖ ಮರುಕಳಿಸುತ್ತದೆ ಎಂಬುದು ಅವಳು ಕೊಟ್ಟ ಕಾರಣಗಳಲ್ಲಿ ಒಂದು. ಅವುಗಳನ್ನಿಟ್ಟ ಉಗ್ರಾಣವೇ ಶೋಸೋಇನ್. ಬುದ್ಧ ಮಂಟಪದ ಹಿಂದೆ ಹತ್ತು ನಿಮಿಷ ನಡೆದರೆ ಬೇಲಿಯಾಚೆ ಕಾಣುತ್ತದೆ. ನಮ್ಮ ಹಳ್ಳಿಯ ಕಣಜವನ್ನು ಎತ್ತರದ ಕಂಬಗಳ ಮೇಲೆ ಕೂರಿಸಿದ ಹಾಗೆ, ಮೂರು ಮೂಲೆಯ ದಿಮ್ಮಿಗಳನ್ನು ಒಂದರ ಮೇಲೊಂದು ಹೆಣೆದ ಕಟ್ಟಡ. ಅದರಲ್ಲಿ ಇಟ್ಟದ್ದು: ಐದು ತಂತಿಯ ವೀಣೆಯಂಥ ವಾದ್ಯ, ಅದರ ಮೈಮೇಲೆ ಚಿಪ್ಪಿನ ಕುಸುರಿಯಲ್ಲಿ ಒಂಟೆ ಏರಿ ತಂತಿ ಮೀಟುತ್ತಿರುವ ಮನುಷ್ಯ, ಪರ್ಷಿಯಾದ ಗಾಜಿನ ಬಟ್ಟಲು, ಔಷಧಿಗಳು. ಮತ್ತು ಆ ಕುಂಚ, ಆ ಹುರಿ. ವರ್ಷಕ್ಕೊಮ್ಮೆ ಶರತ್ಕಾಲದಲ್ಲಿ ಕೆಲವೇ ವಸ್ತುಗಳನ್ನು ನಾರಾದ ಮ್ಯೂಸಿಯಮ್ಮಿನಲ್ಲಿ ತೋರಿಸುತ್ತಾರೆ.

ಬುದ್ಧ ಮಂಟಪದ ಒಳಗೆ ಕಾಲಿಡುವ ಮುಂಚೆ ಜಗುಲಿಯ ಬಲಗಡೆ ಒಬ್ಬ ಮುದುಕ ಕೂತಿದ್ದಾನೆ. ಮರದ ವಿಗ್ರಹ, ಕೆಂಪು ಟೋಪಿ, ಕೆಂಪು ಹೊದಿಕೆ, ಸವೆದು ಒಡೆದ ಮುಖ. ಹೆಸರು ಬಿನ್‌ಜುರು. ಇವನು ನಮ್ಮ ಪಿಂಡೋಲ ಭಾರದ್ವಾಜ! ಮಂತ್ರಶಕ್ತಿಯನ್ನು ಬಹಿರಂಗವಾಗಿ ಪ್ರದರ್ಶಿಸಿ ಬುದ್ಧನಿಂದ ಬೈಸಿಕೊಂಡ ಅರ್ಹಂತ. ಅದಕ್ಕೇ ಹೊರಗೆ ಕೂರಿಸಿದ್ದಾರೆ. ನಮಗೆ ಎಲ್ಲಿ ನೋವೋ ಅವನ ಮೈಯ ಆ ಭಾಗವನ್ನು ಸವರಿ ನಮ್ಮ ಮೈಯನ್ನು ಸವರಿಕೊಂಡರೆ ವಾಸಿಯಾಗುತ್ತದೆ ಎಂಬ ನಂಬಿಕೆ. ನನ್ನ ಮುಂದಿದ್ದ ಅಜ್ಜಿ ಅವನ ಸೊಂಟ ಹಿಡಿದಿದ್ದರು. ನಾನು ಮಂಡಿ ಹಿಡಿದೆ. ಮಂಡಿಯ ಭಾಗ ಬೇರೆಲ್ಲಕ್ಕಿಂತ ನುಣುಪಾಗಿತ್ತು.

ಒಳಗೆ ಕತ್ತಲು, ಊದುಬತ್ತಿಯ ಹೊಗೆ, ಆಮೇಲೆ ನಿಧಾನಕ್ಕೆ ಅವನು. ಬಲಗೈ ಎತ್ತಿ ಅಭಯ, ಎಡಗೈ ಚಾಚಿ ವರದ. ನಾನು ಬಹಳ ಹೊತ್ತು ನೋಡಿದ್ದು ಮುಖವನ್ನಲ್ಲ, ಪೀಠದ ತಾವರೆಯ ದಳಗಳನ್ನು. ಕಂಚಿನ ಆ ದಳಗಳ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ಮೇರು ಪರ್ವತ, ಅದರ ಮೇಲೆ ಸ್ವರ್ಗಗಳ ಸಾಲು, ಮೇಲ್ತುದಿಯಲ್ಲಿ ಬುದ್ಧರು. ಇವು 8ನೇ ಶತಮಾನದ ಗೆರೆಗಳು. ಯಾಕೆ ಇವನ್ನೇ ನೋಡಿದೆ ಎಂದರೆ, ಈ ಮೂರ್ತಿಯಲ್ಲಿ ಬೋಧಿಸೇನ ಕಂಡಿದ್ದ ಭಾಗ ಉಳಿದಿರುವುದು ಇಲ್ಲಿ, ಮತ್ತೆ ಮಡಿಲ ಸುತ್ತಮುತ್ತ ಸ್ವಲ್ಪ. ಅವನು ಕಣ್ಣು ಬರೆದ ತಲೆ ಎಂದೋ ಹೋಯಿತು.

ಮೊದಲ ಸಲ ಬಿದ್ದದ್ದು 855ರಲ್ಲಿ, ಭೂಕಂಪದಿಂದ. ತಲೆ ಉರುಳಿ ನೆಲಕ್ಕೆ ಬಂತು. 861ರ ಹೊತ್ತಿಗೆ ಸರಿಪಡಿಸಿದರು.

ಎರಡನೆಯದು ಮನುಷ್ಯರ ಕೆಲಸ. 1180ರ ಕೊನೆಯ ಚಾಂದ್ರಮಾಸದಲ್ಲಿ ತಾಯ್ರಾ ಕುಲದ ಸೇನಾನಿ ಶಿಗೆಹಿರಾ ನಾರಾದ ವಿಹಾರಗಳ ಮೇಲೆ ನುಗ್ಗಿ ಬಂದ. ಚಳಿಗಾಲದ ರಾತ್ರಿ, ಬೆಳಕಿಗೆಂದು ಹಚ್ಚಿದ ಬೆಂಕಿ, ಬೀಸುಗಾಳಿ. ಮಂಟಪದ ಮೇಲಂತಸ್ತಿಗೆ ಏರಿ ಅಡಗಿದ್ದ ಮುದುಕರು ಮಕ್ಕಳು ಬೆಂದುಹೋದರೆಂದು 'ಹೆಯ್ಕೆ ಮೊನೊಗತಾರಿ' ಕಥನ ಹೇಳುತ್ತದೆ. ಬುದ್ಧನ ತಲೆ ಮತ್ತೆ ಕಳಚಿತು. ಯುದ್ಧದಲ್ಲಿ ಸೆರೆಸಿಕ್ಕ ಶಿಗೆಹಿರಾನನ್ನು ಐದು ವರ್ಷದ ತರುವಾಯ ನಾರಾದ ಭಿಕ್ಷುಗಳ ಕೈಗೊಪ್ಪಿಸಿದರು. ಕಿಜು ನದಿಯ ದಂಡೆಯಲ್ಲಿ ಅವನ ತಲೆ ಕಡಿದರು.

ಕಟ್ಟುವವರು ಯಾರು? 1181ರಲ್ಲಿ ಹೊಣೆ ಹೊತ್ತವನು ಚೋಗೆನ್ ಎಂಬ ಭಿಕ್ಷು, ವಯಸ್ಸು 61. ನಮ್ಮಲ್ಲಿ ನಿವೃತ್ತಿಯಾಗಿ ಪಿಂಚಣಿ ಎಣಿಸುವ ಹೊತ್ತು! ಒಂದೊಂದು ಚಕ್ರದ ಆರು ಗಾಡಿ ಮಾಡಿಸಿಕೊಂಡು ಊರೂರಿಗೆ ಚಂದಾ ಕೇಳಲು ಹೊರಟ. ಎರಕಕ್ಕೆ ಚೀನಾದ ಚೆನ್ ಹೆಚಿಂಗ್ ಎಂಬ ಕುಶಲಿಯನ್ನು ಹಿಡಿದ. 1186ರಲ್ಲಿ ಕವಿ ಭಿಕ್ಷು ಸಾಯ್‌ಗ್ಯೋವನ್ನು ಚಿನ್ನ ಬೇಡಿ ತರಲು ಉತ್ತರದ ತುದಿಗೆ ಕಳಿಸಿದ. ಆ ಕವಿಗೂ ಆಗ ಎಪ್ಪತ್ತರ ಹತ್ತಿರ. ದಾರಿಯಲ್ಲಿ ಕಾಮಾಕುರದಲ್ಲಿ ಸೇನಾಧಿಪ ಯೊರಿತೊಮೊ ಅವನನ್ನು ಮನೆಗೆ ಕರೆದು ರಾತ್ರಿಯೆಲ್ಲ ಕಾವ್ಯ, ಬಿಲ್ಲುವಿದ್ಯೆಗಳ ಮಾತಾಡಿಸಿ, ಬೀಳ್ಕೊಡುವಾಗ ಬೆಳ್ಳಿಯ ಬೆಕ್ಕೊಂದನ್ನು ಉಡುಗೊರೆ ಕೊಟ್ಟ. ಹೆಬ್ಬಾಗಿಲು ದಾಟಿದ ಸಾಯ್‌ಗ್ಯೋ ಅಲ್ಲಿ ಆಡುತ್ತಿದ್ದ ಮಗುವಿನ ಕೈಗೆ ಅದನ್ನು ಇಟ್ಟು ಹೋಗಿಬಿಟ್ಟನಂತೆ. ಚಂದಾ ಎತ್ತಲು ಹೋದವನಲ್ಲವೇ, ಬೆಳ್ಳಿ ಬುದ್ಧನ ಲೆಕ್ಕಕ್ಕೆ ಸೇರಬೇಕಿತ್ತು ಎಂದು ನಮ್ಮ ಯಾವ ದೇವಸ್ಥಾನದ ಸಮಿತಿಯ ಖಜಾಂಚಿಯೂ ಕೇಳಿಯಾನು. ನನಗೇನೋ ಕವಿ ಮಾಡಿದ್ದು ಸರಿ ಎನಿಸುತ್ತದೆ.

ಆ ಕಾಲದಲ್ಲಿ ಚಂದಾ ಭಿಕ್ಷುಗಳು ರಸ್ತೆ ತುಂಬ ಎಷ್ಟು ಇದ್ದರೆಂದರೆ, ಅಣ್ಣ ಯೊರಿತೊಮೊನಿಂದ ತಲೆತಪ್ಪಿಸಿಕೊಂಡು ಓಡುತ್ತಿದ್ದ ಯೊಶಿತ್ಸುನೆಯ ಕಡೆಯವರು ತೋದಾಯ್‌ಜಿಯ ಚಂದಾದವರ ವೇಷ ಹಾಕಿದರು ಎಂಬ ಕಥೆಯೇ ಹುಟ್ಟಿತು. ಗಡಿಯ ಕಟ್ಟೆಯಲ್ಲಿ ಅಧಿಕಾರಿ ಚಂದಾಪತ್ರ ಓದು ಎಂದಾಗ, ಬಂಟ ಬೆನ್‌ಕೆಯ್ ಖಾಲಿ ಸುರುಳಿಯನ್ನು ಬಿಚ್ಚಿಹಿಡಿದು ಗಡಗಡ ಓದಿಬಿಡುತ್ತಾನೆ. ಕಬುಕಿ ರಂಗದಲ್ಲಿ ಇದು 'ಕಾಂಜಿನ್‌ಚೋ' ನಾಟಕ. ಕುರೊಸಾವಾ ಇದನ್ನೇ ಸಿನಿಮಾ ಮಾಡಿದ.

1185ರಲ್ಲಿ ಮತ್ತೆ ಕಣ್ಣು ತೆರೆಯುವ ದಿನ ಬಂತು. ಯುದ್ಧ ಮುಗಿದು ಕೆಲವೇ ತಿಂಗಳಾಗಿತ್ತು, ನಡುವೆ ದೊಡ್ಡ ಭೂಕಂಪವೂ ಆಗಿತ್ತು. ಮಂಟಪ ಇನ್ನೂ ಎದ್ದಿಲ್ಲ, ಬುದ್ಧ ಬಯಲಲ್ಲಿ. ನಿವೃತ್ತ ಚಕ್ರವರ್ತಿ ಗೋ-ಶಿರಕಾವಾ ತಾನೇ ಅಟ್ಟಣಿಗೆ ಏರಿದ. ಕೈಯಲ್ಲಿ ಏನಿತ್ತು ಅಂತೀರಿ? ಶೋಸೋಇನ್ ಉಗ್ರಾಣದಿಂದ ತರಿಸಿದ ಬೋಧಿಸೇನನ ಕುಂಚ. 433 ವರ್ಷಗಳ ಮೇಲೆ ಅದೇ ಕುಂಚ. ಈ ಸಂಗತಿಯನ್ನು ಕುಂಚದ ಹಿಡಿಯ ಮೇಲೇ ಕೆತ್ತಿದ್ದಾರೆ. ಮಂಟಪ 1195ಕ್ಕೆ ಮುಗಿಯಿತು. ನಾವು ಬೆಳಿಗ್ಗೆ ಕಂಡ ಹೆಬ್ಬಾಗಿಲು ಚೋಗೆನ್‌ದೇ. ದ್ವಾರಪಾಲಕರನ್ನು 1203ರಲ್ಲಿ ಉನ್‌ಕೆಯ್, ಕಾಯ್‌ಕೆಯ್ ಮತ್ತು ಅವರ ಕಡೆಯವರು ಸೇರಿ 69 ದಿನಗಳಲ್ಲಿ ಮುಗಿಸಿದರು. ಒಂದೇ ಮರವಲ್ಲ, ಮೂರು ಸಾವಿರದಷ್ಟು ತುಂಡುಗಳ ಜೋಡಣೆ. 1988ರಿಂದ ಐದು ವರ್ಷ ಬಿಚ್ಚಿ ರಿಪೇರಿ ಮಾಡಿದಾಗ ಹೊಟ್ಟೆಯೊಳಗೆ ಸೂತ್ರದ ಸುರುಳಿ, ಶಿಲ್ಪಿಗಳ ಹೆಸರು ಸಿಕ್ಕಿದವು.

ಮೂರನೆಯ ಬೆಂಕಿ 1567ರದು. ಮಿಯೋಶಿ ಕುಲದ ಸೈನ್ಯ ದೇಗುಲದ ಆವರಣದಲ್ಲೇ ಬೀಡುಬಿಟ್ಟಿತ್ತು; ಎದುರಾಳಿ ಸೇನಾನಿ ಮತ್ಸುನಾಗಾ ಹಿಸಾಹಿದೆ ರಾತ್ರಿ ಅವರ ಮೇಲೆ ಬಿದ್ದ. ಬೆಳಗಾಗುವಾಗ ಮಂಟಪ ಬೂದಿ. ದೇಶ ತುಂಬ ಕಾಳಗ, ಕಟ್ಟುವ ಚೈತನ್ಯ ಯಾರಿಗೂ ಇಲ್ಲ. ಮರದ ಚೌಕಟ್ಟಿಗೆ ತಾಮ್ರದ ತಗಡು ಹೊದೆಸಿ ತಲೆಯ ಜಾಗಕ್ಕೆ ಇಟ್ಟರು. ತಾತ್ಕಾಲಿಕ ಸೂರು 1610ರ ಬಿರುಗಾಳಿಗೆ ಹಾರಿಹೋಯಿತು. ಅಲ್ಲಿಂದ ಮೂರ್ನಾಲ್ಕು ತಲೆಮಾರು ಬುದ್ಧ ಮಳೆ ಹಿಮದಲ್ಲಿ ಕೂತ.

ಹದಿಮೂರರ ಹುಡುಗ ಕೋಕೆಯ್ 1660ರಲ್ಲಿ ಈ ದೇಗುಲಕ್ಕೆ ಶಿಷ್ಯನಾಗಿ ಸೇರಿದ. ಸುರಿಯುವ ಮಳೆಯಲ್ಲಿ ತನ್ನ ತಲೆಯ ಮೇಲೆ ಕೊಡೆ, ಬುದ್ಧನಿಗಿಲ್ಲ ಎಂದು ಅತ್ತನಂತೆ. 1684ರಲ್ಲಿ ಸರ್ಕಾರದ ಅಪ್ಪಣೆ ದೊರೆಯಿತು, ಹಣ ದೊರೆಯಲಿಲ್ಲ. ನೀನೇ ಎತ್ತಿಕೋ ಎಂದರು. ಮುಗಿಯುವ ತನಕ ನೆಲಕ್ಕೆ ಬೆನ್ನು ಹಚ್ಚಿ ಮಲಗುವುದಿಲ್ಲ ಎಂದು ಹಟ ಹಿಡಿದನೆಂದು ಹೇಳುತ್ತಾರೆ. ಈಗಿನ ತಲೆ ಅವನ ಕಾಲದ್ದು. 1692ರಲ್ಲಿ ಕಣ್ಣು ತೆರೆಯಿತು. ಆಮೇಲೆ ಸೂರು. ಮೊದಲ ಮಂಟಪ 86 ಮೀಟರ್ ಅಗಲವಿತ್ತು. ಕೋಕೆಯ್‌ಗೆ ದಕ್ಕಿದ್ದು 57. ಹಣಕ್ಕಿಂತ ಮರದ ಬರ ಹೆಚ್ಚು. ಕಂಬಗಳನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ: ನಡುವೆ ಒಂದು ದಿಮ್ಮಿ, ಸುತ್ತ ಹಲಗೆಗಳ ಹೊದಿಕೆ, ಬಂಡಿಯ ಚಕ್ರಕ್ಕೆ ಬಿಗಿದ ಹಾಗೆ ಕಬ್ಬಿಣದ ಪಟ್ಟಿ. ಮಾಡನ್ನು ಹೊರುವ ಎರಡು ದೊಡ್ಡ ತೊಲೆ, ಒಂದೊಂದೂ 23 ಮೀಟರಿಗೆ ಮೇಲೆ, ದೂರದ ಕ್ಯೂಶೂವಿನ ಕಿರಿಶಿಮಾ ಕಾಡಿನಲ್ಲಿ ಸಿಕ್ಕಿದವು. 1704ರಲ್ಲಿ ಕಡಲು, ಹೊಳೆ, ಎತ್ತು, ಜನರ ಹೆಗಲು, ಹೀಗೆ ಎಲ್ಲ ದಾಟಿ ನಾರಾ ಸೇರಿದವು. 1705ರಲ್ಲಿ ಆ ತೊಲೆ ಮೇಲೇರಿತು. ಅದೇ ವರ್ಷ, ಸರ್ಕಾರಕ್ಕೆ ಕೃತಜ್ಞತೆ ಹೇಳಲು ಎದೋ ಪಟ್ಟಣಕ್ಕೆ ಹೋದ ಕೋಕೆಯ್ ಅಲ್ಲೇ ಕಣ್ಣುಮುಚ್ಚಿದ. ಮಂಟಪದ ಪ್ರತಿಷ್ಠೆ 1709ಕ್ಕೆ. ಮುಂದೆ ಹೆಂಚಿನ ಭಾರಕ್ಕೆ ಮಾಡು ಜಗ್ಗಿದಾಗ, 1913ಕ್ಕೆ ಮುಗಿದ ದುರಸ್ತಿಯಲ್ಲಿ ಇಂಗ್ಲೆಂಡಿನ ಉಕ್ಕಿನ ತೊಲೆಗಳನ್ನು ಅಟ್ಟದೊಳಗೆ ಬಚ್ಚಿಟ್ಟರು. ಕೆಳಗಿನಿಂದ ಕಾಣುವುದಿಲ್ಲ.

ಮಂಟಪದ ಹಿಂಬದಿಯ ಒಂದು ಕಂಬದ ಬುಡದಲ್ಲಿ ಕಿಂಡಿ ಕೊರೆದಿದ್ದಾರೆ. ಬುದ್ಧನ ಮೂಗಿನ ಹೊಳ್ಳೆಯಷ್ಟೇ ಅಳತೆ, ನುಸುಳಿದವರಿಗೆ ಪುಣ್ಯ ಎಂದು ಮಾತು. ಶಾಲೆಯ ಮಕ್ಕಳ ಸಾಲು ನಿಂತಿತ್ತು. ಹಳದಿ ಟೋಪಿಗಳು ಒಂದೊಂದಾಗಿ ಒಳಹೋಗಿ ಈಚೆ ಬರುತ್ತಿದ್ದವು. "ಅಪ್ಪಾ, ನೋಡ್ತೀರಾ?" ಎಂದಳು ಮಗಳು. ಸಿಕ್ಕಿಕೊಂಡರೆ ಕಂಬ ಕಡಿಯಬೇಕಾದೀತು ಎಂದೆ.

ಸಂಜೆಯ ಹೊತ್ತಿಗೆ ಪೂರ್ವದ ಗುಡ್ಡ ಹತ್ತಿ ನಿಗತ್ಸುದೋ ಮಂಟಪದ ಜಗುಲಿಯಲ್ಲಿ ಕೂತೆವು. ಇಲ್ಲಿ ಪ್ರತಿ ಮಾರ್ಚಿನ ಮೊದಲ ಎರಡು ವಾರ ಭಿಕ್ಷುಗಳು ಕಾಗದದ ಅಂಗಿ ತೊಟ್ಟು ಲೋಕದ ಪಾಪಕ್ಕೆ ಕ್ಷಮೆ ಬೇಡುತ್ತಾರೆ. ಕಂಬದುದ್ದದ ಪಂಜುಗಳನ್ನು ಜಗುಲಿಯ ತುಂಬ ಓಡಿಸುತ್ತಾರೆ. ಕೆಳಗೆ ನಿಂತವರ ತಲೆಯ ಮೇಲೆ ಕಿಡಿಯ ಮಳೆ. ಇದೂ 752ರಲ್ಲಿ ಶುರುವಾದದ್ದು, ಒಂದು ವರ್ಷವೂ ತಪ್ಪಿಲ್ಲ. 1180ರ ಬೆಂಕಿಯ ಬೆನ್ನಿಗೇ ಬಂದ ವರ್ಷವೂ ನಡೆಯಿತು. ಈ ವ್ರತದ ಎರಡು ರಾತ್ರಿ ದೇಗುಲಕ್ಕೆ ನೆರವಾದವರ ಹೆಸರುಗಳನ್ನು ಓದುತ್ತಾರೆ. ಹದಿಮೂರನೇ ಶತಮಾನದ ಆರಂಭದಲ್ಲಿ ಶೂಕೆಯ್ ಎಂಬ ಭಿಕ್ಷು ಹೀಗೆ ಓದುತ್ತಿದ್ದಾಗ ನೀಲಿ ಉಡುಪಿನ ಹೆಂಗಸೊಬ್ಬಳು ಎದುರು ನಿಂತು, ನನ್ನ ಹೆಸರು ಯಾಕೆ ಬಿಟ್ಟೆ ಎಂದು ಕೇಳಿದಳಂತೆ. ಯಾರೆಂದು ತಿಳಿಯದೆ ಅವನು ಮೆಲ್ಲನೆ 'ನೀಲಿ ಉಡುಪಿನ ಹೆಂಗಸು' ಎಂದು ಓದಿದ. ಅವಳು ಮಾಯವಾದಳು. ಅಂದಿನಿಂದ ಇಂದಿನ ತನಕ ರಾಜರು, ಸೇನಾಪತಿಗಳ ಸಾಲಿನಲ್ಲಿ ಆ ಹೆಸರೂ ಬರುತ್ತದೆ. ಅಲ್ಲಿಗೆ ಬಂದಾಗ ಓದುವವನು ದನಿ ತಗ್ಗಿಸುತ್ತಾನೆ. ಹುಲ್ಲುಕಡ್ಡಿ ತಂದವರಲ್ಲಿ ಒಬ್ಬಳಿರಬೇಕು.

ಜಗುಲಿಯಿಂದ ಕೆಳಗೆ ಬುದ್ಧ ಮಂಟಪದ ಮಾಡು, ಅದರ ತುದಿಯ ಎರಡು ಚಿನ್ನದ ಕೊಂಬು, ಆಚೆ ಮುಳುಗುವ ಸೂರ್ಯ. ಇಳಿದು ಬರುವಾಗ ಬಾಗಿಲು ಹಾಕಿಯಾಗಿತ್ತು. ಮಂಟಪದ ಎದುರು, ಮಾಡಿನ ಬಾಗಿದ ಅಂಚಿನ ಕೆಳಗೆ ಒಂದು ದೊಡ್ಡ ಕಿಟಕಿ ಇದೆ. ಹೊಸ ವರ್ಷದ ನಡುರಾತ್ರಿ ಮತ್ತು ಆಗಸ್ಟ್ 15ರ ದೀಪೋತ್ಸವದ ಸಂಜೆ ಅದನ್ನು ತೆರೆಯುತ್ತಾರೆ. ಆಗ ಅಂಗಳದಲ್ಲಿ ನಿಂತವರಿಗೆ ಬುದ್ಧನ ಮುಖ ಕಾಣುತ್ತದೆ. ನಾವು ಹೋದ ದಿನ ಅದು ಮುಚ್ಚಿತ್ತು. ಅರ್ಧ ನಕ್ಷೆ ತಿಂದ ಜಿಂಕೆಯೋ, ಅದರ ಬಳಗದ್ದೋ, ಮಿಕ್ಕರ್ಧಕ್ಕಾಗಿ ಗೇಟಿನ ಬಳಿ ಕಾದು ನಿಂತಿತ್ತು.